ಕೈ ಮುಗಿದದ್ದು ಸಾಕು, ಎದ್ದು ನಿಂತು ಕೇಳೋಣ



ತಾಲ್ಲೂಕು ಪಂಚಾಯಿತಿಗೂ ಜಿಲ್ಲಾ ಪಂಚಾಯಿತಿಗೂ ಮಾಡದಕೆರೆ ಹೋಬಳಿಯ ನಾವು ಮತ ಹಾಕಿದ್ದು 2016ರಲ್ಲಿ. ಆಗ ಗೆದ್ದವರ ಅವಧಿ 2021ಕ್ಕೆ ಮುಗಿಯಿತು. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಇ ವಿಧಿ ಕಟ್ಟುನಿಟ್ಟಾಗಿ ಹೇಳುತ್ತದೆ. ಹಾಗಾಗಲಿಲ್ಲ. ಕ್ಷೇತ್ರ ವಿಂಗಡಣೆ ಆಗಬೇಕು ಎಂದರು, ಮೀಸಲಾತಿ ಪಟ್ಟಿ ಆಗಬೇಕು ಎಂದರು, ಕೋರ್ಟಿನಲ್ಲಿದೆ ಎಂದರು. ವರ್ಷದ ಮೇಲೆ ವರ್ಷ ಉರುಳಿತು. ನಾವು ಆರಿಸಿ ಕಳಿಸಬೇಕಿದ್ದವರ ಜಾಗದಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು ಕೂತು ನಮ್ಮ ರಸ್ತೆಗೆ, ನಮ್ಮ ಶಾಲೆಗೆ, ನಮ್ಮ ಕುಡಿಯುವ ನೀರಿಗೆ ಸಹಿ ಹಾಕಿದರು. ಇದು ತಪ್ಪು ಎಂದು ನಮ್ಮ ಊರೂರುಗಳಲ್ಲಿ ದನಿ ಎತ್ತಿದವರು ಎಷ್ಟು ಜನ?

ಈ ಮೌನ ಎದೆಗೆ ಇರಿಯುತ್ತದೆ. ಯಾಕೆಂದರೆ ಇದು ಸುಮ್ಮನಿದ್ದು ಅಭ್ಯಾಸವಾದ ನಾಡಲ್ಲ. ಅರಸರಿದ್ದಾಗಲೇ ಎದ್ದು ನಿಂತು, ಅರಸೊತ್ತಿಗೆಯ ಒಂದೊಂದು ಪದವಿಯೂ ಯಾರಿಗೆ ಉತ್ತರ ಹೇಳಬೇಕು ಎಂದು ಕೇಳಿದ ನಾಡು ಇದು. ಆಗ ಕೇಳಿದವರು ನಮ್ಮ ಅಜ್ಜ, ಮುತ್ತಜ್ಜಂದಿರ ಕಾಲದವರು. ಅವರು ಅರ್ಧ ದಾರಿಗೆ ತಂದಿಟ್ಟ ಕೆಲಸವನ್ನು ಮುಂದಕ್ಕೆ ಒಯ್ಯುವ ಪಾಳಿ ನಮ್ಮದು.

ಹಳೆಯ ಮೈಸೂರಿನ ಆಡಳಿತ ಹೇಗಿತ್ತು ಎಂದು ಒಮ್ಮೆ ನೆನೆಯಿರಿ. ಮೇಲೆ ಮಹಾರಾಜರು. ಅವರ ಕೆಳಗೆ ದಿವಾನರು. ಜಿಲ್ಲೆಗೆ ಡೆಪ್ಯುಟಿ ಕಮಿಷನರ್, ತಾಲ್ಲೂಕಿಗೆ ಅಮಲ್ದಾರರು, ಹೋಬಳಿಗೆ ಶೇಕ್ದಾರರು. ಊರಿಗೆ ಪಟೇಲರು, ಶಾನುಭೋಗರು. ಅವರ ಕೈಕೆಳಗೆ ತಳವಾರ, ತೋಟಿ, ನೀರಗಂಟಿ. ಇವರಲ್ಲಿ ಒಬ್ಬೊಬ್ಬರೂ ತಮ್ಮ ಮೇಲಿನವರಿಗೆ ಲೆಕ್ಕ ಒಪ್ಪಿಸಬೇಕಿತ್ತು. ಕೆಳಗೆ ನಿಂತ ರೈತನಿಗೆ ಮಾತ್ರ ಯಾರೂ ಲೆಕ್ಕ ಕೊಡಬೇಕಿರಲಿಲ್ಲ. ದಸರಾ ದರ್ಬಾರಿನಲ್ಲಿ ಅರಮನೆ ‘ರಾಜಸೇವಾಸಕ್ತ’ ಮೊದಲಾದ ಬಿರುದು ಕೊಡುತ್ತಿತ್ತು. ಬಿರುದು ಪಡೆದವರಲ್ಲಿ ನಿಜಕ್ಕೂ ದೊಡ್ಡವರಿದ್ದರು, ವಿದ್ವಾಂಸರಿದ್ದರು. ಆದರೆ ಮಾನ ಮೇಲಿನಿಂದ ಇಳಿದು ಬರಬೇಕು ಎಂಬುದೇ ಆ ಏರ್ಪಾಟಿನ ಜೀವ.

ಅದರೊಳಗೇ ಒಂದು ಕಿಟಕಿ ತೆರೆಯಿತು. 1881ರ ಮಾರ್ಚಿನಲ್ಲಿ ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದರು. ಅದೇ ವರ್ಷ ಅಕ್ಟೋಬರ್ 7ರಂದು, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. 144 ಮಂದಿ ಸದಸ್ಯರು. ಜಮೀನಿದ್ದವರು, ವ್ಯಾಪಾರಸ್ಥರು. ಕೂಲಿಯವನಿಗೆ ಅಲ್ಲಿ ಜಾಗವಿರಲಿಲ್ಲ, ಹೆಂಗಸಿಗೆ ಇರಲಿಲ್ಲ, ಊರ ಹೊರಗಿನ ಕೇರಿಯವರಿಗೆ ಇರಲಿಲ್ಲ. ಬಂದ ಸದಸ್ಯರಿಗೂ ಕಾನೂನು ಮಾಡುವ ಅಧಿಕಾರವಿಲ್ಲ. ಅಹವಾಲು ಹೇಳಬಹುದಿತ್ತು, ಅಷ್ಟೆ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಬ್ರಜೇಂದ್ರನಾಥ ಸೀಲ್ ಸಮಿತಿಯ ವರದಿಯ ಮೇಲೆ 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಬಲ ಬಂತು.

ಹಲ್ಲಿಲ್ಲದ ಸಭೆ ಎಂದು ಅದನ್ನು ಜರೆಯುವುದು ಸುಲಭ. ಆದರೆ ಒಂದು ಮಾತು ನಾವು ನಾಚಿಕೊಂಡು ಒಪ್ಪಬೇಕು. ದಸರಾ ಬಂತೆಂದರೆ ಸಭೆ ಸೇರುತ್ತಿತ್ತು. ಇಡೀ ರಾಜ್ಯವನ್ನು ನಡೆಸುವ ದಿವಾನರು ಎದ್ದು ನಿಂತು ಆ ವರ್ಷದ ಮಳೆ ಬೆಳೆ, ಜಮೆ ಖರ್ಚು, ಕೆರೆ ಕಾಲುವೆಗಳ ವಿವರವನ್ನು ಸಭೆಯ ಮುಂದೆ ಓದುತ್ತಿದ್ದರು. ಅರಸರ ಆಳ್ವಿಕೆಯಲ್ಲಿ, ಮತದ ಹಕ್ಕು ಬೆರಳೆಣಿಕೆಯವರಿಗೆ ಮಾತ್ರ ಇದ್ದ ಕಾಲದಲ್ಲಿ, ಇದು ನಡೆಯಿತು. ಪ್ರತಿಯೊಬ್ಬರಿಗೂ ಮತವಿರುವ ಕಾಲದಲ್ಲಿ ನಮ್ಮ ತಾಲ್ಲೂಕಿನ ಸಭಾಂಗಣ ವರ್ಷಗಟ್ಟಲೆ ಪ್ರತಿನಿಧಿಗಳಿಲ್ಲದೆ ಬಿಕೋ ಎಂದಿತು.

ನಮ್ಮ ಹಿಂದಿನವರು ಆ ಅಹವಾಲಿಗೆ ತೃಪ್ತರಾಗಲಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ನಿಷೇಧವಿದ್ದರೂ ಕಾಂಗ್ರೆಸ್ಸಿನ ಧ್ವಜ ಏರಿತು. ಅವರ ಬೇಡಿಕೆಯನ್ನು ಗಮನಿಸಿ. ಅರಸರನ್ನು ಇಳಿಸಿ ಎಂದು ಅವರು ಕೇಳಲಿಲ್ಲ. ಮಹಾರಾಜರ ಆಶ್ರಯದಲ್ಲೇ ಜವಾಬ್ದಾರಿ ಸರ್ಕಾರ ಬೇಕು ಎಂದರು. ದಿವಾನರೂ ಮಂತ್ರಿಗಳೂ ಅರಮನೆಗಲ್ಲ, ಜನ ಆರಿಸಿದ ಸಭೆಗೆ ಉತ್ತರ ಕೊಡಬೇಕು ಎಂದರು. ಇಷ್ಟನ್ನು ಕೇಳಿದ್ದಕ್ಕೆ ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು, ಹೆಣಗಳು ಬಿದ್ದವು. ಆಮೇಲೆ ಕೆ.ಆರ್. ಶ್ರೀನಿವಾಸ ಅಯ್ಯಂಗಾರ್ ಅವರ ಸುಧಾರಣಾ ಸಮಿತಿ ಬಂತು, 1940ರ ಕಾಯಿದೆ ಬಂತು. ಸಭೆಗಳು ಹಿಗ್ಗಿದವು. ಸರ್ಕಾರವನ್ನು ಇಳಿಸುವ ಅಧಿಕಾರ ಮಾತ್ರ ಸಭೆಗೆ ಬರಲಿಲ್ಲ.

ನಮ್ಮ ಚಿತ್ರದುರ್ಗ ಜಿಲ್ಲೆ ಆಗ ನೋಡುತ್ತ ನಿಂತಿರಲಿಲ್ಲ. 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಹೆಂಡದ ಕಂದಾಯದಿಂದ ಬೊಕ್ಕಸ ತುಂಬಿಸಿಕೊಳ್ಳುವ ಸರ್ಕಾರಕ್ಕೆ ಹಳ್ಳಿಯವರು ಕೊಡಲಿ ಹಿಡಿದೇ ಉತ್ತರ ಕೊಟ್ಟರು. ಮುಂದೆ ನಿಂತು ಜೈಲಿಗೆ ಹೋದವರಲ್ಲಿ ಚಿತ್ರದುರ್ಗದ ವಕೀಲ ಎಸ್. ನಿಜಲಿಂಗಪ್ಪನವರಿದ್ದರು.

1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ನಡೆದದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಆ ಊರು ತನ್ನದೇ ಸರ್ಕಾರ ಸಾರಿಕೊಂಡಿತು. ಜಯಣ್ಣ ಎಂಬ ಹುಡುಗನನ್ನು ಅಮಲ್ದಾರ ಎಂದು ಕರೆಯಿತು, ಮಲ್ಲಪ್ಪ ಎಂಬ ಹುಡುಗನನ್ನು ಸಬ್ ಇನ್‌ಸ್ಪೆಕ್ಟರ್ ಎಂದು ಕರೆಯಿತು. ಆ ದೃಶ್ಯವನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೆಸರು ಕೇಳಿದರೇ ಊರು ನಡುಗುತ್ತಿದ್ದ ಪದವಿಯನ್ನು ಒಬ್ಬ ಮೀಸೆ ಮೂಡದ ಹುಡುಗನ ಹೆಗಲ ಮೇಲೆ ಇಟ್ಟರು. ಪದವಿ ಅರಮನೆಯ ಆಸ್ತಿಯಲ್ಲ, ಊರು ಕೊಟ್ಟರೆ ಉಂಟು, ಊರು ಕಿತ್ತುಕೊಂಡರೆ ಇಲ್ಲ ಎಂದು ಸಾರಿದರು. ಆ ಸೆಪ್ಟೆಂಬರ್‌ನ ಗಲಭೆಯಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಪ್ರಾಣ ಕಳೆದುಕೊಂಡರು. ಅದನ್ನು ಯಾರೂ ಹೊಗಳಬೇಕಿಲ್ಲ. 1943ರ ಮಾರ್ಚಿನಲ್ಲಿ ಈಸೂರಿನ ಐವರು ನೇಣಿಗೇರಿದರು. ಈ ಎಲ್ಲ ಸಾವುಗಳ ಭಾರ ನಮ್ಮ ಹಕ್ಕುಗಳ ಮೇಲಿದೆ.

ದೇಶಕ್ಕೆ ಸ್ವಾತಂತ್ರ್ಯ ಬಂದಾಗಲೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. 1947ರ ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಹೊರಟಿತು. ವಿದ್ಯಾರ್ಥಿಗಳು, ಕಾರ್ಮಿಕರು, ರೈತರು ಬೀದಿಗಿಳಿದರು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ಹಿಡಿಯಿತು. ಆಮೇಲೆ ದಿವಾನಗಿರಿಯೂ ಚರಿತ್ರೆಗೆ ಸೇರಿತು. ಜಯಚಾಮರಾಜ ಒಡೆಯರು ಭಾರತದ ಸಂವಿಧಾನವನ್ನು ಒಪ್ಪಿಕೊಂಡು ರಾಜಪ್ರಮುಖರಾದರು. 1956ರಲ್ಲಿ ಆ ಪದವಿಯೂ ಹೋಗಿ ರಾಜ್ಯಪಾಲರಾದರು. ಸಂವಿಧಾನದ 18ನೇ ವಿಧಿ ಬಿರುದು ಕೊಡುವುದನ್ನು ನಿಲ್ಲಿಸಿತು. 1971ರ 26ನೇ ತಿದ್ದುಪಡಿ ಅರಸರ ಮಾನ್ಯತೆಯನ್ನೂ ರಾಜಧನವನ್ನೂ ತೆಗೆದುಹಾಕಿತು.

ಬಂಧುಗಳೇ, ಮೇಲಿನ ಮೆಟ್ಟಿಲುಗಳು ಹೀಗೆ ಒಂದೊಂದಾಗಿ ಬದಲಾದವು. ನಾನು ಮಾತಾಡಬೇಕಿರುವುದು ಕೊನೆಯ ಮೆಟ್ಟಿಲ ಬಗ್ಗೆ, ನಮ್ಮ ಊರ ಚಾವಡಿಯ ಬಗ್ಗೆ.

ಅರಸೊತ್ತಿಗೆ ಇದ್ದದ್ದು ಅರಮನೆಯಲ್ಲಿ ಮಾತ್ರವಲ್ಲ. ಪಟೇಲಿಕೆ, ಶಾನುಭೋಗಿಕೆ, ತಳವಾರಿಕೆ, ತೋಟಿತನ, ಎಲ್ಲವೂ ತಂದೆಯಿಂದ ಮಗನಿಗೆ ಬರುತ್ತಿದ್ದವು. 1908ರ ಮೈಸೂರು ಕಾಯಿದೆ ಅದಕ್ಕೆ ಮುದ್ರೆ ಒತ್ತಿತ್ತು. ಪಟೇಲರ ಮಗ ಹುಟ್ಟಿನಿಂದ ಪಟೇಲ. ತೋಟಿಯ ಮಗ ಹುಟ್ಟಿನಿಂದ ತೋಟಿ. ಒಬ್ಬನಿಗೆ ಜಗಲಿ ಹುಟ್ಟಿನಿಂದ ಬಂತು, ಇನ್ನೊಬ್ಬನಿಗೆ ಜಗಲಿಯ ಕೆಳಗಿನ ಅಂಗಳ ಹುಟ್ಟಿನಿಂದ ಬಂತು. ಅಮಲ್ದಾರರ ಕುದುರೆಗೆ ಹುಲ್ಲು ತರುವವನು, ಕಂದಾಯ ಕಟ್ಟಿ ಎಂದು ಮನೆ ಮನೆ ಕೂಗುವವನು, ಸತ್ತ ದನ ಎಳೆಯುವವನು, ರಾತ್ರಿಯೆಲ್ಲ ಊರು ಕಾಯುವವನು ಅವನೇ. ಕೂಲಿ ಎಂದರೆ ಕಣದಲ್ಲಿ ಸಿಗುವ ಆಯದ ಕಾಳು, ಒಂದು ತುಂಡು ಇನಾಮು ಭೂಮಿ.

ನೌಕರಿಯಲ್ಲಿ ವಂಶದ ಆಧಾರದ ಮೇಲೆ ಭೇದ ಮಾಡಬಾರದು ಎಂದು ಸಂವಿಧಾನದ 16ನೇ ವಿಧಿ ಹೇಳಿತು. ಆಂಧ್ರದ ಒಂದು ಮೊಕದ್ದಮೆಯಲ್ಲಿ, ಊರ ಮುನಸೀಫನ ಹುದ್ದೆ ವಂಶಪಾರಂಪರ್ಯವಾಗಿ ಬರುವುದು ಈ ವಿಧಿಗೆ ವಿರುದ್ಧ ಎಂದು 1960ರ ಕೊನೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮರುವರ್ಷ ನಮ್ಮ ರಾಜ್ಯ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ ತಂದಿತು. ಅದು ಜಾರಿಗೆ ಬಂದದ್ದು 1963ರ ಫೆಬ್ರುವರಿ 1ರಂದು. ಆಗ ಮುಖ್ಯಮಂತ್ರಿಯಾಗಿದ್ದವರು ತುರುವನೂರಿನ ಸತ್ಯಾಗ್ರಹದಲ್ಲಿ ಜೈಲು ಕಂಡ ನಿಜಲಿಂಗಪ್ಪನವರು. ಒಂದೇ ದಿನದಲ್ಲಿ ಪಟೇಲಿಕೆ ಹೋಯಿತು, ಶಾನುಭೋಗಿಕೆ ಹೋಯಿತು, ತೋಟಿತನ ಹೋಯಿತು. ಪರೀಕ್ಷೆ ಬರೆದವರು, ಅರ್ಜಿ ಹಾಕಿದವರು ಗ್ರಾಮಲೆಕ್ಕಿಗರಾದರು. ಇತ್ತೀಚೆಗೆ ಅವರ ಹೆಸರೂ ಬದಲಾಗಿ ಗ್ರಾಮ ಆಡಳಿತ ಅಧಿಕಾರಿ ಎಂದಾಯಿತು. ಅಮಲ್ದಾರರು ಎಂದೋ ತಹಸೀಲ್ದಾರರಾದರು, ಶೇಕ್ದಾರರು ರೆವಿನ್ಯೂ ಇನ್‌ಸ್ಪೆಕ್ಟರ್ ಆದರು.

ಬೋರ್ಡು ಬದಲಾಯಿತು. ನಾವು?

ಯಾವುದಾದರೂ ಒಂದು ನಾಡಕಚೇರಿಯ ಬಾಗಿಲಲ್ಲಿ ಅರ್ಧ ಗಂಟೆ ನಿಂತು ನೋಡಿ. ಪೌತಿ ಖಾತೆಗೆಂದು ಬಂದ ಮುದುಕ ಚಪ್ಪಲಿಯನ್ನು ಹೊರಗೆ ಬಿಡುತ್ತಾನೆ. ತಲೆಯ ಮೇಲಿನ ಟವೆಲ್ಲು ಕಂಕುಳಿಗೆ ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಆಧಾರ್, ಅಪ್ಪನ ಮರಣ ಪತ್ರ, ವಂಶವೃಕ್ಷ. ಕಿಟಕಿಯ ಆಚೆ ಕೂತವರು ತಲೆ ಎತ್ತುವ ತನಕ ಅವನು ಕೆಮ್ಮುವುದೂ ಇಲ್ಲ. ಆಮೇಲೆ ಬಾಯಿ ಬಿಟ್ಟರೆ ಮೊದಲು ಹೊರಡುವ ಮಾತು ‘ಬುದ್ಧೀ...’ ಎಂದು. ಅವನು ಕೇಳುತ್ತಿರುವುದು ತನ್ನ ಅಪ್ಪನ ಹೊಲವನ್ನು ತನ್ನ ಹೆಸರಿಗೆ ಬರೆಯಿರಿ ಎಂದು. ಅದು ಅವನ ಹಕ್ಕು. ಅದಕ್ಕೆ ಇಂತಿಷ್ಟು ದಿನ ಎಂಬ ಗಡುವನ್ನು 2011ರ ಸಕಾಲ ಕಾಯಿದೆ ಕೊಟ್ಟಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು ಎಂದೂ ಹೇಳಿದೆ. ಆದರೆ ಅವನ ಬೆನ್ನು ಇನ್ನೂ ಅಮಲ್ದಾರರ ಕುದುರೆಯ ಮುಂದೆ ಬಾಗಿದ ಬೆನ್ನು. ಅವನನ್ನು ದೂರಬೇಡಿ. ಅವನ ಪಕ್ಕದಲ್ಲಿ ನಿಂತಿದ್ದ, ಓದು ಬರಹ ಬಲ್ಲ ನಾವು ‘ಅಜ್ಜಾ, ಅರ್ಜಿಗೆ ರಸೀದಿ ಈಸ್ಕೋ, ಅದರ ಮೇಲೆ ನಂಬರ್ ಇರುತ್ತೆ’ ಎಂದು ಹೇಳದೆ ಸುಮ್ಮನಿದ್ದೆವಲ್ಲ, ತಪ್ಪು ನಮ್ಮದು.

ಇನ್ನೊಂದನ್ನು ಹೇಳುವಾಗ ಎದೆ ಭಾರವಾಗುತ್ತದೆ. ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಎಂದು ಕಾನೂನು ಹೇಳುತ್ತದೆ. ಅಕ್ಕ ಗೆದ್ದು ಅಧ್ಯಕ್ಷೆಯಾಗುತ್ತಾಳೆ. ಊರು ‘ಅಧ್ಯಕ್ಷರು ಬಂದ್ರು’ ಎಂದು ಎದ್ದು ನಿಲ್ಲುವುದು ಅವಳ ಗಂಡನಿಗೆ. ಅವಳು ಮನೆಯಲ್ಲಿ ಸಹಿ ಹಾಕುತ್ತಾಳೆ, ಅವನು ಕುರ್ಚಿಯಲ್ಲಿ ಕೂರುತ್ತಾನೆ. ಜನ ಆರಿಸಿದ ಪದವಿಯನ್ನು ಮನೆಯ ಆಸ್ತಿ ಮಾಡಿಕೊಂಡ ಈ ನಡತೆಗೂ ಹಳೆಯ ಗೌಡಿಕೆಗೂ ಏನು ವ್ಯತ್ಯಾಸ? ತಾಯಂದಿರೇ, ಆ ಕುರ್ಚಿ ನಿಮ್ಮದು. ಪ್ರಜಾಪ್ರತಿನಿಧಿ ಸಭೆಯ ಮೊದಲ ದಿನ ನಿಮ್ಮಂಥವರಿಗೆ ಒಂದು ಜಾಗವೂ ಇರಲಿಲ್ಲ. ಸಿಕ್ಕ ಜಾಗವನ್ನು ಬಿಟ್ಟುಕೊಡಬೇಡಿ.

ಮತ್ತೆ ನಮ್ಮ ತೋಟಿ, ತಳವಾರ, ನೀರಗಂಟಿ ಮನೆತನಗಳು. ಹುದ್ದೆ ರದ್ದಾದಾಗ ಇನಾಮು ಭೂಮಿಯನ್ನು ಸರ್ಕಾರ ವಾಪಸು ಪಡೆದು, ಅದೇ ಮನೆತನಗಳಿಗೆ ಮರುಮಂಜೂರು ಮಾಡಬೇಕು ಎಂದು ಕಾಯಿದೆಯಲ್ಲೇ ಬರೆದಿದೆ. ನಿಮ್ಮ ನಿಮ್ಮ ಊರಲ್ಲಿ ಕೇಳಿ. ಆ ತುಂಡು ನೆಲ ಈಗ ಯಾರ ಪಹಣಿಯಲ್ಲಿದೆ? ಉಳುತ್ತಿರುವವರು ಯಾರು? ಅರ್ಜಿ ಹಾಕಲು ದಾರಿ ಗೊತ್ತಿಲ್ಲದೆ ಕೂತ ಕುಟುಂಬ ಎಷ್ಟು? ಮೂರು ತಲೆಮಾರು ಊರು ಕಾದವರ ಹೊಲವನ್ನು ಊರೇ ಕಾಯದಿದ್ದರೆ ಅದು ಯಾವ ಧರ್ಮ? ಹುದ್ದೆ ಹೋಗಿ ಅರವತ್ತು ವರ್ಷ ದಾಟಿದರೂ ಮೊಮ್ಮಗನನ್ನು ಹೆಸರು ಹಿಡಿದು ಕರೆಯದೆ ‘ಏ ತೋಟಿ’ ಎಂದು ಕರೆಯುವ ನಾಲಿಗೆ ಇನ್ನೂ ಇದ್ದರೆ, ಆ ನಾಲಿಗೆ ಇಂದೇ ತಿದ್ದಿಕೊಳ್ಳಲಿ. ಅಂಬೇಡ್ಕರರ ಸಂವಿಧಾನ ಅವನಿಗೆ ಕೊಟ್ಟಿರುವುದು ಬೇರೆಯೇ ಪದವಿ: ಈ ದೇಶದ ಪೌರ. ನಮ್ಮೆಲ್ಲರಿಗೂ ಇರುವುದು ಅದೊಂದೇ.

‘ರಾಜರ ಕಾಲವೇ ಚೆನ್ನಾಗಿತ್ತು’ ಎನ್ನುವ ಹಿರಿಯರಿದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ವೇದಾವತಿಗೆ ಮಾರಿಕಣಿವೆಯಲ್ಲಿ ಅಡ್ಡಗಟ್ಟಿದ ವಾಣಿವಿಲಾಸ ಸಾಗರ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಶುರುವಾದಾಗ ರಾಜ್ಯದ ಆಡಳಿತ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಕೈಲಿತ್ತು, ದಿವಾನರು ಶೇಷಾದ್ರಿ ಅಯ್ಯರ್. ಅದರ ಹಿನ್ನೀರು ನಮ್ಮ ತಾಲ್ಲೂಕಿನವರೆಗೂ ಚಾಚಿದೆ. ಅದನ್ನು ಕಟ್ಟಿಸಿದವರಿಗೆ ಸಾವಿರ ನಮಸ್ಕಾರ. ಆದರೆ ಒಳ್ಳೆಯ ಅರಸ ಸಿಕ್ಕಿದ್ದು ಅದೃಷ್ಟ. ಅದೃಷ್ಟವನ್ನು ನಂಬಿ ಊರು ನಡೆಸಲಾಗದು. ಸಿಕ್ಕವನು ಒಳ್ಳೆಯವನಲ್ಲದಿದ್ದರೆ ಅವನನ್ನು ಪ್ರಶ್ನಿಸುವ, ಇಳಿಸುವ ಹಕ್ಕು ಬೇಕು. ಶಿವಪುರದಲ್ಲಿ ಧ್ವಜ ಏರಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರನ್ನು ದ್ವೇಷಿಸಲಿಲ್ಲ; ನಾಡು ಒಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು ಎಂದಷ್ಟೇ ಹೇಳಿದರು. ಹಿಮಾಲಯದ ಭೂತಾನದಲ್ಲಿ ಸ್ವತಃ ಅರಸರೇ ಜನರಿಗೆ ಇದನ್ನು ತಿಳಿಹೇಳಿ, 2008ರಲ್ಲಿ ಸಂವಿಧಾನ ತಂದು, ಆರಿಸಿ ಬಂದ ಸರ್ಕಾರದ ಕೈಗೆ ಆಡಳಿತ ಕೊಟ್ಟರು. ಅರಸರಿಗೇ ಅರ್ಥವಾದ ಮಾತು ಅದು.

ದೂರ ಹೋಗುವುದೂ ಬೇಡ. ನಮ್ಮ ರಾಜ್ಯದಲ್ಲೇ ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ 1983ರ ಕಾಯಿದೆ ಬಂತು, 1987ರಲ್ಲಿ ಚುನಾವಣೆಯಾಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಹಿರಿಯ ಐಎಎಸ್ ಅಧಿಕಾರಿ ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ. ಬ್ರಿಟಿಷರ ಕಾಲದಿಂದ ಜಿಲ್ಲೆಗೆ ದೊರೆಯಂತಿದ್ದ ಅಧಿಕಾರಿಯ ಪದವಿಯನ್ನು ಜನ ಆರಿಸಿದವರ ಪದವಿಯ ಕೆಳಗೆ ತಂದ ಕಾಯಿದೆ ಅದು. ಅಂಥ ನಾಡಿನಲ್ಲೇ ಈಗ ಅದೇ ಅಧಿಕಾರಿಗಳನ್ನು ಖಾಲಿ ಕುರ್ಚಿಯ ಮೇಲೆ ಕೂರಿಸಿ ವರ್ಷ ತಳ್ಳಿದರೆ, ನಾವು ನಡೆದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದಂತೆ.

ಹಾಗಾದರೆ ಏನು ಮಾಡೋಣ? ಬೆಂಗಳೂರಿಗೆ ಹೋಗುವ ಮೊದಲು ನಮ್ಮೂರಲ್ಲೇ ಶುರು ಮಾಡೋಣ.

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು ಎಂಬುದು ಕಾನೂನು. ಅದು ಹೇಗೆ ನಡೆಯುತ್ತದೆ ಎಂದು ನಿಮಗೆ ಗೊತ್ತು. ಗೋಡೆಗೊಂದು ನೋಟಿಸು, ಶಾಮಿಯಾನ, ರಿಜಿಸ್ಟರಿನಲ್ಲಿ ಸಹಿ, ಒಂದು ಟೀ, ಅರ್ಧ ಗಂಟೆಯಲ್ಲಿ ವಂದನಾರ್ಪಣೆ. ಮುಂದಿನ ಸಭೆಗೆ ಮನೆಗೊಬ್ಬರು ಬನ್ನಿ. ನಡಾವಳಿ ಓದಿ ಹೇಳುವವರೆಗೆ ಸಹಿ ಹಾಕಬೇಡಿ. ಕೇರಿಯವರು ಹಿಂದೆ ನಿಂತಿದ್ದರೆ ಕೈ ಹಿಡಿದು ಮುಂದಿನ ಸಾಲಿಗೆ ಕರೆತನ್ನಿ. ಅಧ್ಯಕ್ಷೆಯ ಕುರ್ಚಿಯಲ್ಲಿ ಅಧ್ಯಕ್ಷೆಯೇ ಕೂರುವವರೆಗೆ ಸಭೆ ಶುರುವಾಗದಿರಲಿ.

ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಪಂಚಾಯಿತಿಯ ಜಮಾಬಂದಿ ನಡೆಯಬೇಕು. ಅರಸರ ಕಾಲದ ಜಮಾಬಂದಿಯಲ್ಲಿ ಪಟೇಲರು, ಶಾನುಭೋಗರು ಲೆಕ್ಕ ಹೊತ್ತು ಮೇಲಧಿಕಾರಿಯ ಡೇರೆಯ ಮುಂದೆ ನಿಲ್ಲುತ್ತಿದ್ದರು. ಇಂದಿನ ಜಮಾಬಂದಿಯಲ್ಲಿ ಪಂಚಾಯಿತಿ ತನ್ನ ಲೆಕ್ಕ ಹೊತ್ತು ನಮ್ಮ ಮುಂದೆ ನಿಲ್ಲಬೇಕು. ಚರಂಡಿಗೆ ಎಷ್ಟು ಹೋಯಿತು, ಉದ್ಯೋಗ ಖಾತ್ರಿಯ ಕೂಲಿ ಯಾರ ಖಾತೆಗೆ ಬಿತ್ತು, ಚೆಕ್‌ಡ್ಯಾಮು ಕಾಗದದ ಮೇಲಿದೆಯೋ ಹಳ್ಳದಲ್ಲಿದೆಯೋ, ಎಲ್ಲವನ್ನೂ ಸ್ಥಳಕ್ಕೇ ಹೋಗಿ ನೋಡುವ ಹಕ್ಕು ನಮ್ಮದು. ಆ ದಿನ ಹೊಲದ ಕೆಲಸ ಒಂದು ಹೊತ್ತು ನಿಲ್ಲಲಿ.

ಓದಿದ ಹುಡುಗ ಹುಡುಗಿಯರೇ, ನಿಮ್ಮ ಮೊಬೈಲಿನಲ್ಲಿ ಪಹಣಿ ಬರುತ್ತದೆ. ನಿಮ್ಮ ಊರಿನ ತೋಟಿ, ತಳವಾರ ಇನಾಮಿನ ಸರ್ವೆ ನಂಬರುಗಳನ್ನು ಪಟ್ಟಿ ಮಾಡಿ, ಆ ಮನೆಗಳ ಹಿರಿಯರ ಜೊತೆ ಕೂತು ಅರ್ಜಿ ಬರೆದುಕೊಡಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಕಚೇರಿಯಲ್ಲಿ ಅಧಿಕಾರಿಗಳನ್ನು ಗೌರವದಿಂದ ‘ಸರ್’, ‘ಮೇಡಂ’ ಎನ್ನಿ, ಹೆಸರು ಹಿಡಿದು ‘ಅವರೇ’ ಎನ್ನಿ. ದೊರೆ, ಒಡೆಯ, ಬುದ್ಧಿ ಎನ್ನುವುದನ್ನು ಮಾತ್ರ ಬಿಡಿ. ಅಧಿಕಾರಿಗಳಲ್ಲಿ ನನ್ನದೊಂದು ಬಿನ್ನಹ: ಬಂದ ಮುದುಕನಿಗೆ ಮೊದಲು ಕೂರಲು ಹೇಳಿ. ನಿಮ್ಮಲ್ಲಿ ಹೆಚ್ಚಿನವರು ಇಂಥದೇ ಹಳ್ಳಿಯ ಮನೆಗಳಿಂದ ಹೋದವರು. ಆ ಮುದುಕ ನಿಮ್ಮ ಅಪ್ಪನ ಹಾಗೆಯೇ ಇದ್ದಾನೆ.

ಕೊನೆಯದಾಗಿ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಯ ಚುನಾವಣೆ ಇನ್ನೆಂದೂ ಒಂದು ದಿನವೂ ತಡವಾಗಬಾರದು ಎಂದು ನಮ್ಮ ಹೋಬಳಿಯ ಪ್ರತಿ ಗ್ರಾಮಸಭೆಯೂ ಠರಾವು ಮಾಡಲಿ. ಆ ಠರಾವು ತಹಸೀಲ್ದಾರರಿಗೆ, ಶಾಸಕರಿಗೆ, ರಾಜ್ಯ ಚುನಾವಣಾ ಆಯೋಗಕ್ಕೆ ಹೋಗಲಿ. ಯಾವ ಪಕ್ಷದವರು ಬಂದು ಮತ ಕೇಳಿದರೂ ನಮ್ಮ ಮೊದಲ ಪ್ರಶ್ನೆ ಇದೇ ಆಗಲಿ: ನಮ್ಮ ಪಂಚಾಯಿತಿ ಚುನಾವಣೆ ನಿಂತಾಗ ನೀವು ಏನು ಮಾಡಿದಿರಿ? ಉತ್ತರವಿಲ್ಲದವರಿಗೆ ಮತವೂ ಇಲ್ಲ.

ದಿವಾನರನ್ನು ಜನರ ಮುಂದೆ ನಿಲ್ಲಿಸಲು ನಮ್ಮ ಹಿಂದಿನವರು ಗುಂಡು ತಿಂದರು, ಜೈಲು ಕಂಡರು, ನೇಣಿಗೇರಿದರು. ನಾವು ತೆರಬೇಕಿರುವುದು ವರ್ಷಕ್ಕೆ ಕೆಲವು ದಿನದ ಕೂಲಿ, ಒಂದಿಷ್ಟು ನಿಷ್ಠುರ. ಇಷ್ಟೂ ಕೊಡಲಾರೆವಾದರೆ ನಮ್ಮನ್ನು ಆಳುವವರನ್ನು ದೂರುವ ಬಾಯಿ ನಮಗಿಲ್ಲ. ಮುಂದಿನ ಗ್ರಾಮಸಭೆಯ ನೋಟಿಸು ಬಿದ್ದ ದಿನವೇ ಪಕ್ಕದ ಮನೆಯ ಬಾಗಿಲು ತಟ್ಟಿ. ಇಬ್ಬರಾಗಿ ಹೊರಡಿ, ಇಪ್ಪತ್ತು ಜನರಾಗಿ ಸೇರಿ, ಲೆಕ್ಕ ಕೇಳದೆ ಎದ್ದು ಬರಬೇಡಿ.